ಶಮೆದಮೆ ಎಂಬ ಮಾತು

ಅಪೊಸ್ತಲನಾದ ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಆತ್ಮನ ಫಲವನ್ನು ವಿವರಿಸುತ್ತಾ ಪ್ರೀತಿಯಿಂದ ಆರಂಭಿಸಿ ಶಮೆದಮೆಯಲ್ಲಿ ಮುಗಿಸುತ್ತಾನೆ. ಪ್ರೀತಿ ಸಂತೋಷಗಳನ್ನು ನಮ್ಮ ಸಭೆಗಳ ಮಕ್ಕಳೂ ಬಲ್ಲರು. ಕಡೆಯ ಮಾತಿನ ಅರ್ಥವನ್ನು ಕೇಳಿದರೆ, “ಕುಡಿಯದೆ ಇರುವದು, ಅಲ್ಲವೇ ಉಪದೇಶಿಗಳೇ?” ಅನ್ನುತ್ತಾರೆ. ಅದು ತಪ್ಪಲ್ಲ; ಆದರೆ ಅಷ್ಟೇ ಸಾಲದು.

ಗ್ರೀಕ್ ಭಾಷೆಯಲ್ಲಿ ಪೌಲನು ಬರೆದದ್ದು ಎಂಕ್ರಾತೆಯ ಎಂಬ ಒಂದೇ ಪದ. ಬಲ, ಹಿಡಿತ ಎಂಬದು ಅದರ ಬೇರು. ನಮ್ಮ ಭಾಷಾಂತರಗಾರರು ಅದಕ್ಕೆ ಈ ದೇಶದ ಎರಡು ಪದಗಳನ್ನು ಜೋಡಿಸಿದರು. ಶಮವೆಂದರೆ ಒಳಗಿನ ಮನಸ್ಸು ಶಾಂತವಾಗುವದು, ದಮವೆಂದರೆ ಹೊರಗಿನ ಇಂದ್ರಿಯಗಳನ್ನು ಅಡಗಿಸುವದು ಎಂದು ವೇದಾಂತಿಗಳು ವಿಂಗಡಿಸುತ್ತಾರೆ. ಸಂಸ್ಕೃತದಲ್ಲಿ ದಮ್ಯವೆಂದರೆ ಇನ್ನೂ ನೊಗಕ್ಕೆ ಪಳಗಬೇಕಾದ ಎಳೆಯ ಹೋರಿ. ಹೊಲಗೆಲಸ ಬಲ್ಲ ನಮ್ಮ ವಾಚಕರಿಗೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕೇ? ಹೋರಿಯನ್ನು ಪಳಗಿಸುವವನು ಅದರ ಬಲವನ್ನು ಕೊಲ್ಲುವದಿಲ್ಲ. ಹಳೆಯ ಎತ್ತಿನ ಜೊತೆಗೆ ಕಟ್ಟಿ, ಅದೇ ಬಲವನ್ನು ನೇಗಿಲಿಗೆ ತಿರುಗಿಸುತ್ತಾನೆ.

ಕುಡಿಯುವದನ್ನು ಬಿಟ್ಟು ಬಹು ವರುಷಗಳಾದ ಸಹೋದರರೊಬ್ಬರು ಒಂದು ರಾತ್ರಿ ನಮ್ಮ ಬಳಿಗೆ ಬಂದು, “ಹೆಂಡದಂಗಡಿಯ ಮುಂದೆ ಹೋಗುವಾಗ ಈಗಲೂ ಬಾಯಲ್ಲಿ ನೀರೂರುತ್ತದೆ. ಆತ್ಮನ ಫಲ ನನ್ನಲ್ಲಿ ಇಲ್ಲವೋ, ಅಯ್ಯಾ?” ಎಂದು ತಲೆತಗ್ಗಿಸಿ ಕೇಳಿದರು. ಇದು ಹಗುರವಾದ ಪ್ರಶ್ನೆಯಲ್ಲ. ಗ್ರೀಕ್ ಪಂಡಿತನಾದ ಅರಿಸ್ಟಾಟಲನೂ (ಕ್ರಿ.ಪೂ. 384–322) ಇದನ್ನು ವಿಚಾರಿಸಿದ್ದನು. ಕೆಟ್ಟ ಆಶೆಯುಂಟಾದರೂ ಅದನ್ನು ಗೆಲ್ಲುವವನು ಒಬ್ಬನು, ಅಂಥ ಆಶೆಯೇ ಹುಟ್ಟದವನು ಇನ್ನೊಬ್ಬನು ಎಂದು ಬೇರ್ಪಡಿಸಿ, ಎರಡನೆಯವನನ್ನೇ ಮೇಲೆ ಕೂಡಿಸಿದನು. ಎಂಕ್ರಾತೆಯ ಎಂಬದು ಮೊದಲನೆಯವನ ಗುಣ; ಎರಡನೆಯವನ ಗುಣಕ್ಕೆ ಸೋಫ್ರೊಸುನೆ ಎಂಬ ಬೇರೆ ಹೆಸರುಂಟು.

ಪೌಲನು ಅರಿಸ್ಟಾಟಲನನ್ನು ಮನಸ್ಸಿನಲ್ಲಿಟ್ಟು ಬರೆದನೆಂದು ನಾವು ಹೇಳುವದಿಲ್ಲ. ಆದರೂ ಅಪೊಸ್ತಲರ ಕೃತ್ಯಗಳು 26ನೆಯ ಅಧ್ಯಾಯದಲ್ಲಿ ಅವನ ಬಾಯಲ್ಲಿಯೇ ಬರುವ ಆ ಎರಡನೆಯ ಪದವು ಫಲಗಳ ಪಟ್ಟಿಯಲ್ಲಿಲ್ಲ, ಹೋರಾಡುವವನ ಪದವಿದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 9ನೆಯ ಅಧ್ಯಾಯದಲ್ಲಿ ಜಟ್ಟಿಗಳ ಪಥ್ಯವನ್ನು ಹೇಳುವಾಗಲೂ ಅದರ ಕ್ರಿಯಾಪದವನ್ನೇ ಉಪಯೋಗಿಸಿದ್ದಾನೆ. ಆ ಪಟ್ಟಣದ ಹತ್ತಿರ ಎರಡು ವರುಷಕ್ಕೊಮ್ಮೆ ಇಸ್ತ್ಮಿಯದ ಪಂದ್ಯಗಳು ನಡೆಯುತ್ತಿದ್ದವು. ಓದಿದವರಿಗೆ ಕೂಡಲೇ ತಿಳಿದಿರಬೇಕು. ಆದದರಿಂದ, ನೀರೂರುವ ಬಾಯಿಯನ್ನು ಮುಚ್ಚಿಕೊಂಡು ಮನೆಗೆ ಬಂದವನಲ್ಲಿ ಫಲವಿಲ್ಲವೆಂದು ಹೇಳಲು ನಮಗೆ ಅಧಿಕಾರವಿಲ್ಲ. ಆ ಸಹೋದರರಿಗೆ ಹಾಗೆಯೇ ಹೇಳಿದೆವು.

ಸಂತೆಗೆ ಕೆರೆಯ ಏರಿಯ ಮೇಲೆ ಇನ್ನೊಂದು ದಾರಿಯಿದೆ, ಸ್ವಲ್ಪ ಸುತ್ತು. ಅದರಲ್ಲಿ ಹೋದರೆ ಹೇಡಿತನವಾಗುವದೋ ಎಂದು ಅವರು ಕೇಳಿದರು. ಹೋರಿಯನ್ನು ಪಳಗಿಸುವಾಗ ನೀವು ಅದನ್ನು ಜೋಳದ ಪೈರಿನ ಬದುವಿನ ಮೇಲೆ ಹೊಡೆದುಕೊಂಡು ಹೋಗುತ್ತೀರೋ ಎಂದು ಕೇಳಿದೆವು. ಅವರು ನಕ್ಕು, ಕಂದೀಲು ಎತ್ತಿಕೊಂಡು ಮನೆಗೆ ಹೊರಟರು.