ಅಶ್ವದ ಯಶಸ್ಸಿಗೆ ಯಾವುದು ಪ್ರಮಾಣ?

ಮಾಗಡಿ ರಸ್ತೆಯನ್ನು ಹಿಡಿದು ಪಶ್ಚಿಮಾಭಿಮುಖವಾಗಿ ನಡೆದರೆ ಮಾಗಡಿಯನ್ನು ದಾಟಿದ ಮೇಲೆ ಕುಣಿಗಲ್ಲು ದೊರೆಯುವುದು. ಟಿಪ್ಪುವಿನ ಸೈನ್ಯಕ್ಕೆ ಕುದುರೆಗಳನ್ನೊದಗಿಸಿದ ಅಲ್ಲಿಯ ಅಶ್ವಶಾಲೆಯು ಅನಂತರ ಪಂದ್ಯದ ಕುದುರೆಗಳ ವಂಶವನ್ನು ಬೆಳೆಸುವ ಸ್ಥಾನವಾಯಿತು. ಓಟದಿಂದ ನಿವೃತ್ತವಾದ ಗಂಡುಕುದುರೆಯನ್ನು ಬೀಜಕ್ಕೆ ಬಿಟ್ಟೊಡನೆ, ಲೋಕವು ಅದರ ಪೂರ್ವಚರಿತ್ರೆಯನ್ನು ಮರಿಗಳ ಗೆಲವಿನಿಂದ ಪುನಃ ಅಳೆಯತೊಡಗುತ್ತದೆ. ಇದು ನ್ಯಾಯವೇ?

ಅಮೆರಿಕದ ಸೆಕ್ರೆಟೇರಿಯಟ್ ಎಂಬ ಕುದುರೆಯು 1973ರ ಬೆಲ್ಮಾಂಟ್ ಪಂದ್ಯದಲ್ಲಿ ಮಿಕ್ಕವುಗಳನ್ನು 31 ಕುದುರೆಯುದ್ದದಷ್ಟು ಹಿಂದಿಕ್ಕಿತು. ಗಂಡುಮರಿಗಳು ತಂದೆಗೆ ಸಮನಾಗಲಿಲ್ಲವೆಂದು ಜನರು ಮೂಗು ಮುರಿದರು. ಹೆಣ್ಣುಮರಿಗಳ ಬಸುರಿನಲ್ಲಿ ಏ. ಪಿ. ಇಂಡಿ, ಸ್ಟಾರ್ಮ್ ಕ್ಯಾಟ್ ಹುಟ್ಟಿದ ಮೇಲೆ ಹೊಗಳಿದರು. 2 ನಿಮಿಷ 24 ಸೆಕೆಂಡುಗಳ ಆ ಓಟವು ಮಾತ್ರ ಇದ್ದಂತೆಯೇ ಇದೆ. (ನಮ್ಮಲ್ಲಿಯೂ ಮಗನು ದಡ್ಡನಾದರೆ ತಂದೆಯ ಪಾಂಡಿತ್ಯವನ್ನೇ ಶಂಕಿಸುವವರುಂಟು.)

ನಳೋಪಾಖ್ಯಾನದಲ್ಲಿ ಬಾಹುಕನು ಬಡಕಲು ಕುದುರೆಗಳನ್ನಾರಿಸಿದಾಗ ಋತುಪರ್ಣನು ಸಂಶಯಪಟ್ಟನು. ಬಾಹುಕನು ಕಂಡದ್ದು ಅವುಗಳ ವೇಗವನ್ನು, ಸಂತತಿಯನ್ನಲ್ಲ. ಸಂತತಿಯೇ ಪ್ರಮಾಣವೆಂದರೆ, ಬೀಜವೊಡೆಸಿದ ಜಾನ್ ಹೆನ್ರಿಯು 1981ರಲ್ಲಿಯೂ 1984ರಲ್ಲಿಯೂ ಆ ದೇಶದ ವರ್ಷದ ಕುದುರೆಯೆನಿಸಿದ್ದು ವ್ಯರ್ಥವೆನ್ನಬೇಕಾದೀತು.

ಇನ್ನು ಗೆಲವೂ ಇಲ್ಲದೆ, ಬೀಜಕ್ಕೂ ಬೇಡವಾಗಿ ಲಾಯದಿಂದ ಹೊರಬೀಳುವ ಕುದುರೆಗಳುಂಟು. ಅವುಗಳ ಹುಲ್ಲುನೀರಿನ ಹೊಣೆಯನ್ನು ಓಡಿಸಿದ ಯಜಮಾನನಲ್ಲದೆ ಮತ್ತಾರು ಹೊರಬೇಕು?