ನಾಲ್ಕು ಕುಣಿಕೆ

ಬಿ.ಎ.ಯಲ್ಲಿ ನಮಗೆ ಸಿಂಜ್ ಬರೆದ ‘ರೈಡರ್ಸ್ ಟು ದಿ ಸೀ’ ನಾಟಕ ಪಠ್ಯವಾಗಿತ್ತು. 1904ರಲ್ಲಿ ಡಬ್ಲಿನ್ನಿನಲ್ಲಿ ಮೊದಲು ಆಡಿದ ಪುಟ್ಟ ನಾಟಕ. ಐರ್ಲೆಂಡಿನ ಪಶ್ಚಿಮದ ಒಂದು ದ್ವೀಪ. ಮೈಕೆಲ್ ಸಮುದ್ರದ ಪಾಲಾಗಿದ್ದಾನೆ. ದೂರದ ಡೊನೆಗಾಲಿನಲ್ಲಿ ಸಿಕ್ಕ ಶವದ ಅಂಗಿ, ಒಂದು ಕಾಲುಚೀಲ ಗಂಟಿನಲ್ಲಿ ಬಂದಿವೆ. ಅಂಗಿಯ ಗುರುತು ಖಚಿತವಾಗದು. ಅಂಥ ಬಟ್ಟೆಯ ಸುರುಳಿಗಳು ಗಾಲ್ವೇ ಪೇಟೆಯಲ್ಲಿ ಬೇಕಾದಷ್ಟಿವೆಯಲ್ಲ! ಆದರೆ ಕಾಲುಚೀಲ ಹೆಣೆದವಳು ತಂಗಿ ನೋರಾ. ಅರವತ್ತು ಕುಣಿಕೆ ಹಾಕಿ ನಾಲ್ಕು ಬಿಟ್ಟಿದ್ದೆ ಎನ್ನುತ್ತಾಳೆ. ಅಕ್ಕ ಎಣಿಸುತ್ತಾಳೆ. ಲೆಕ್ಕ ಸರಿಯಾಗಿಯೇ ಇದೆ.

ಮುಂದೆ ನಾನು ಮೇಷ್ಟ್ರಾದ ಮೇಲೆ, ಹೊಲಿಗೆಯ ಪೀರಿಯಡ್ಡಿನಲ್ಲಿ ಹುಡುಗಿಯರಿಗೆ ಇನ್ನೊಂದು ಮಾತು ಸೇರಿಸಿ ಹೇಳುತ್ತಿದ್ದೆ: ಅರಾನ್ ದ್ವೀಪಗಳಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ಸ್ವೆಟರಿನ ವಿನ್ಯಾಸ, ಮುಳುಗಿದವರನ್ನು ಗುರುತಿಸಲಿಕ್ಕೆ. ಎಲ್ಲೋ ಓದಿದ್ದು. ಹುಡುಗಿಯರು ಸೂಜಿ ನಿಲ್ಲಿಸಿ ಕೇಳುತ್ತಿದ್ದರು.

ಅದು ಸುಳ್ಳೆಂದು ತಿಳಿದದ್ದು ಬಹಳ ತಡವಾಗಿ. ಆ ಹೆಣಿಗೆ ಬಹುಮಟ್ಟಿಗೆ ಇಪ್ಪತ್ತನೇ ಶತಮಾನದ್ದು. ಹೆಂಗಸರು ನಾಲ್ಕು ಕಾಸಿಗಾಗಿ ಮಾರಲು ಹೆಣೆದದ್ದು. ಅದಕ್ಕೂ ಹಿಂದೆ ಅಲ್ಲಿನ ಮನೆಗಳಲ್ಲಿ ನಡೆಯುತ್ತಿದ್ದ ಕೆಲಸವೇ ಬೇರೆ. ಕುರಿಯ ಉಣ್ಣೆಯನ್ನು ಹೆಂಗಸರು ಮನೆಯಲ್ಲೇ ನೂಲುವರು, ನೇಕಾರ ನೇಯುವನು. ಐರ್ಲೆಂಡಿನ ಹಳ್ಳಿಗಳಲ್ಲಿ ದರ್ಜಿ ಮನೆಮನೆಗೆ ಬಂದು, ಅಲ್ಲೇ ಉಂಡು, ಮಲಗಿ, ಮನೆಮಂದಿಯ ಬಟ್ಟೆ ಹೊಲಿದು ಮುಂದಿನ ಮನೆಗೆ ಹೋಗುವನು. ಜೊತೆಗೆ ಊರ ಸುದ್ದಿಯನ್ನೂ ಹೊತ್ತು.

ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು, “ಕಥೆಯಿಂದ ನಾಲ್ಕು ಸ್ವೆಟರ್ ಹೆಚ್ಚು ಮಾರಿದರೆ ಹೆಣೆದವಳಿಗೇ ಲಾಭ, ಬಿಡಿ” ಎಂದರು. ಬಡವರ ಹೊಟ್ಟೆಯ ಮಾತು, ತಳ್ಳಿಹಾಕಲಾರೆ. ಆದರೂ ಒಪ್ಪಲು ಮನಸ್ಸಾಗುವುದಿಲ್ಲ. ನೋರಾಳ ಗುರುತು ಮನೆತನದ್ದಲ್ಲ, ಅವಳ ಕೈಯದು, ಅದೂ ಕೈತಪ್ಪಿನದು. ಸ್ವೆಟರಿನ ಕಥೆ ಅದನ್ನು ಕಿತ್ತು ಗಂಡಸರ ವಂಶದ ಹೆಸರಿಗೆ ಬರೆದುಬಿಟ್ಟಿತು. ಹೆಣೆದವಳು ಯಾರೆಂದು ಯಾರೂ ಕೇಳುವುದಿಲ್ಲ. ಹಾಗೆ ನೋಡಿದರೆ ನೋರಾಳೂ ಕಲ್ಪನೆಯವಳೇ! ಆದರೆ ನಾಟಕ ತಾನು ನಾಟಕವೆಂದೇ ಹೇಳಿಕೊಳ್ಳುತ್ತದೆ. ನಾನು ಮಾತ್ರ ಚಾಕ್‌ಪೀಸು ಹಿಡಿದು, ನಿಜವೆಂದು ಹೇಳಿದ್ದೆ.

ಕಳೆದ ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿ ಆ ಕಥೆಯನ್ನೇ ನೆನೆದಳು. ನಾಚಿಕೆಯಿಂದಲೇ ತಪ್ಪು ಒಪ್ಪಿಕೊಂಡೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಮಗಳಿಗೆ ಹೇಳಿಬಿಟ್ಟಿದ್ದೀನಲ್ಲ ಟೀಚರ್” ಎಂದಳು.