ಏನ ಆಗಂಗಿಲ್ಲ ಬಿಡು

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಯಾವ ತೋಟಕ್ಕೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಫ್ಯೂಸ್ ಹೋದ ಡಬ್ಬಿಗೆ ಹಸಿ ಕೈ ಹಾಕುವಾಗ, ಓಡುವ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಮಗುವನ್ನು ಕೂರಿಸುವಾಗ, ಮುಖಕ್ಕೆ ಬಟ್ಟೆಯನ್ನೂ ಕಟ್ಟದೆ ದ್ರಾಕ್ಷಿಗೆ ಎಣ್ಣೆ ಹೊಡೆಯುವಾಗ ಯಾರಾದರೂ ತಡೆದರೆ ಉತ್ತರ ಸಿದ್ಧವಾಗಿರುತ್ತದೆ: "ಏನ ಆಗಂಗಿಲ್ಲ ಬಿಡು."

ಕೃಷ್ಣಾ ದಂಡೆಯ ಒಂದು ಹೊಲದಲ್ಲಿ ನಮ್ಮ ಕಾಕಾ ಒಬ್ಬರು ಸ್ಟಾರ್ಟರ್ ಡಬ್ಬಿ ಬಿಚ್ಚಿ ನಿಂತಿದ್ದರು. ಮೊಣಕಾಲತನಕ ಕೆಸರು, ಬರಿಗಾಲು, ಬಾಯಲ್ಲಿ ಕಚ್ಚಿ ಹಿಡಿದ ತಂತಿಯ ತುಂಡು. "ಕಾಕಾ, ಮೇನ್ ತಗದೀರೇನ್ರಿ?" ಎಂದೆ. "ಕರೆಂಟೇ ಇಲ್ಲೋ ತಮ್ಮಾ. ನಿನ್ನೆನೂ ಹಿಂಗ ಮಾಡೇನಿ, ಏನ ಆತು?" ಎಂದರು. ಆ ಡಬ್ಬಿಯಲ್ಲೇ ಆಟೋ ಸ್ವಿಚ್ಚೂ ಇತ್ತು. ಲೈನಿಗೆ ಕರೆಂಟ್ ಬಂದ ಕೂಡಲೇ ಯಾರೂ ಮುಟ್ಟದೆ ಮೋಟರ್ ತಾನೇ ಚಾಲೂ ಆಗಲಿ ಎಂದು ಕೂಡಿಸಿದ್ದು. ಮಲಗಿದವನನ್ನು ಎಬ್ಬಿಸದೆ ನೀರು ಹರಿಸುವ ಅದೇ ಸ್ವಿಚ್ಚು, ಡಬ್ಬಿಯಲ್ಲಿ ಕೈ ಇಟ್ಟವನಿಗೂ ಮುನ್ಸೂಚನೆ ಕೊಡುವುದಿಲ್ಲ. ಕರೆಂಟ್ ಇಲ್ಲ ಎನ್ನುವುದು ಬೇರೆ, ಕರೆಂಟ್ ಬರದಂತೆ ಮಾಡುವುದು ಬೇರೆ. ಕಾಕಾ ಗೊಣಗುತ್ತಲೇ ಹೋಗಿ ಮೇನ್ ತೆಗೆದು ಬಂದರು.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇದೆಯಲ್ಲ, ಅದು ನಮ್ಮ ರೈತನಿಗೆ ಪೂರ್ತಿ ಹೊಂದುವುದಿಲ್ಲ. ಕಾಕಾ ಬುದ್ಧಿ ಕಡಿಮೆ ಇದ್ದವರಲ್ಲ. ಮೋಟರಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುವವರು. ಅವರನ್ನು ದಾರಿ ತಪ್ಪಿಸಿದ್ದು ನಿನ್ನೆಯ ದಿನ. ತಪ್ಪಾಗಿ ಮಾಡಿದರೂ ನಿನ್ನೆ ಏನೂ ಆಗಲಿಲ್ಲ, ಮೊನ್ನೆಯೂ ಆಗಲಿಲ್ಲ. ಹಾಗೆ ಪಾರಾದ ಪ್ರತಿ ಸಲವೂ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ, ಕಡೆಗೆ ಅದೇ ಸರಿಯಾದ ಪದ್ಧತಿ ಎನಿಸಿಬಿಡುತ್ತದೆ. ಹೊಸಬ ಹೆದರುತ್ತಾನೆ, ಹಾಗಾಗಿ ಉಳಿಯುತ್ತಾನೆ. ಅನುಭವ ಇದ್ದವನಿಗೇ ಅಪಾಯ ಹೆಚ್ಚು.

ನನ್ನ ಕೈಯೂ ಇದಕ್ಕೆ ಹೊರತಲ್ಲ. ಬುದ್ಧಿ ಮೇನ್ ಸ್ವಿಚ್ಚನ್ನು ನೆನೆಯುವಷ್ಟರಲ್ಲಿ ಕೈ ಡಬ್ಬಿಯ ಬಾಗಿಲಿಗೆ ಹೋಗಿರುತ್ತದೆ. ಅದಕ್ಕೇ ನನಗೆ ನಾನೇ ಹೇಳಿಕೊಳ್ಳುವುದು: ನೆನಪನ್ನು ನಂಬಬೇಡ, ಕೈಗೆ ರೂಢಿ ಮಾಡಿಸು. ಮೊದಲು ಕಾಲಲ್ಲಿ ರಬ್ಬರ್ ಚಪ್ಪಲಿ, ಕಾಲಡಿ ಒಣ ಹಲಗೆ. ಆಮೇಲೆ ಮೇನ್ ತೆಗೆದು, ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳುವುದು. ಫ್ಯೂಸ್ ಜೇಬಿನಲ್ಲಿದ್ದರೆ ಪಕ್ಕದ ಹೊಲದ ಅಣ್ಣ ಬಂದು "ಯಾಕ ಬಂದ್ ಐತಿ" ಎಂದು ಹಾಕುವ ಭಯವಿಲ್ಲ. ಕಡೆಗೆ ಟೆಸ್ಟರ್ ಹಚ್ಚಿ ನೋಡಿ ಕೈ ಹಾಕುವುದು. ಟಿ.ಸಿ. (ಟ್ರಾನ್ಸ್‌ಫಾರ್ಮರ್) ಕಂಬದ ಫ್ಯೂಸಿಗೆ ಮಾತ್ರ ಕೈ ಹಚ್ಚಲೇಬೇಡಿ. ಲೈನ್‌ಮನ್ ಬರುವತನಕ ಬೆಳೆ ಬಾಡಿದರೆ ಬಾಡಲಿ.

ಎಲ್ಲ ತಪ್ಪನ್ನೂ ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ, ಇದನ್ನೂ ಹೇಳಿಬಿಡಬೇಕು. ಪಂಪ್‌ಸೆಟ್ಟಿಗೆ ಏಳು ತಾಸು ತ್ರೀ ಫೇಸ್ ಕೊಡುತ್ತಾರೆ, ಅದರಲ್ಲಿ ಪಾಳಿಯಂತೆ ರಾತ್ರಿಯದ್ದೂ ಬರುತ್ತದೆ. ನಡುರಾತ್ರಿ ಎದ್ದು ಕಬ್ಬಿನೊಳಗೆ ನೀರು ತಿರುವಲು ಹೋಗುವುದು ಯಾರಿಗೂ ಖುಷಿಯ ಕೆಲಸವಲ್ಲ. ಹಗಲು ಕರೆಂಟ್ ಕೊಡಿ ಎಂದು ಕೇಳುವುದು ನಮ್ಮ ಹಕ್ಕು, ಕೇಳುತ್ತಲೇ ಇರಬೇಕು. ಆದರೆ ಅದು ಸಿಗುವತನಕ ಬ್ಯಾಟರಿ, ಗಂಬೂಟು, ಕೈಯಲ್ಲೊಂದು ಕೋಲು ಇಲ್ಲದೆ ಹೊಲಕ್ಕೆ ಇಳಿಯಬಾರದು. ಕಬ್ಬಿನ ರವದಿಯಡಿ ಇಲಿ, ಇಲಿಯ ಹಿಂದೆ ಹಾವು. ಹಾವು ಕಡಿದರೆ ಹಗ್ಗ ಬಿಗಿಯಬೇಡಿ, ಬ್ಲೇಡಿನಿಂದ ಕೊಯ್ಯಬೇಡಿ, ಮಂತ್ರ ಹಾಕಿಸಲು ಒಯ್ಯಬೇಡಿ. ಕಡಿದ ಕೈಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸಾಗಿಸಿ. ಕಟ್ಟುಹಾವು ಕಡಿದದ್ದು ನೋಯುವುದೇ ಕಡಿಮೆ. ನೆಲದ ಮೇಲೆ ಮಲಗುವ ಕಬ್ಬು ಕಡಿಯುವ ಗ್ಯಾಂಗಿನವರಿಗೆ ಗೊತ್ತೇ ಆಗದಿರಬಹುದು. ಅವರಿಗೆ ಸೊಳ್ಳೆ ಪರದೆ ಕೊಡಿಸಿ, ಅದರ ಅಂಚನ್ನು ಹಾಸಿಗೆಯಡಿ ಸಿಗಿಸಿ ಮಲಗಲು ಹೇಳುವುದು ಹೊಲದ ಮಾಲೀಕನ ಕರ್ತವ್ಯ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅಷ್ಟು ಗಂಭೀರವಾದದ್ದನ್ನು ನಾವು ಇನ್ನೂ ಹಣೆಬರಹ ಎನ್ನುತ್ತಿದ್ದೇವೆ.

2005, 2019, 2021. ಈ ಮಹಾಪೂರದ ವರ್ಷಗಳನ್ನು ನದಿದಂಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ಒಟ್ಟಿಗೇ ಏರುತ್ತವೆ, ಕಲ್ಲೋಳ–ಯಡೂರ ಸೇತುವೆ ಮುಳುಗುತ್ತದೆ, ದಂಡೆಯ ರೈತ ಮೋಟರ್ ಮೇಲೆ ತರಲು ಓಡುತ್ತಾನೆ. ಕೇಬಲ್ಲು ನೀರಿನಲ್ಲಿರುತ್ತದೆ, ಮಣ್ಣು ಜಾರುತ್ತಿರುತ್ತದೆ, ಮೊಸಳೆಯೂ ದಂಡೆಗೆ ಬಂದಿರುತ್ತದೆ. ಮೋಟರ್ ಹೋದರೆ ಸಾಲವಾಗುತ್ತದೆ, ನಿಜ. ಆ ಸಾಲವನ್ನು ತೀರಿಸಬೇಕಾದವನೂ ನೀನೇ ಅಲ್ಲವೇನಪ್ಪಾ? ನೀನು ಹೋದರೆ ಅದು ಯಾರ ಹೆಗಲಿಗೆ ಬೀಳುತ್ತದೆ? ಮಳೆಯ ಸುದ್ದಿ ಬಂದ ದಿನವೇ, ಹಗಲಲ್ಲೇ, ಲೈನ್ ಬಂದ್ ಮಾಡಿಸಿ, ನಾಲ್ಕು ಜನ ಕೂಡಿ ಎತ್ತಿ. ನೀರು ಬಂದ ಮೇಲೆ ಬಿಟ್ಟುಬಿಡಿ.

ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟಿನ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ಅದರ ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಟವೆಲ್ಲಿನ ಚುಂಗೋ ಸೀರೆಯ ಸೆರಗೋ ಸಿಕ್ಕರೆ "ಅಯ್ಯೋ" ಎನ್ನುವಷ್ಟರಲ್ಲಿ ಎರಡು ಮೀಟರಿನಷ್ಟು ಬಟ್ಟೆ ಸುತ್ತಿಕೊಂಡಿರುತ್ತದೆ. ಕೈಯಿಂದ ಜಗ್ಗಿ ಬಿಡಿಸಿಕೊಳ್ಳುವ ಮಾತೇ ಇಲ್ಲ. ರೋಟರಿಗೆ ಸಿಕ್ಕ ಹುಲ್ಲು ತೆಗೆಯಬೇಕೆಂದರೆ ಎಂಜಿನ್ ಬಂದ್ ಮಾಡಿ, ಚಾವಿ ಕೈಯಲ್ಲಿ ಹಿಡಿದು ಇಳಿಯಿರಿ. ಶಾಫ್ಟಿನ ಪ್ಲಾಸ್ಟಿಕ್ ಕವರ್ ಅಡ್ಡ ಬರುತ್ತದೆ ಎಂದು ಕಿತ್ತು ಮೂಲೆಗೆ ಒಗೆದಿದ್ದರೆ ಇವತ್ತೇ ಹುಡುಕಿ ಹಾಕಿ. ಮನೆಯ ಹೆಣ್ಣುಮಕ್ಕಳು ಮೇವು ಕತ್ತರಿಸುವ ಮಷಿನ್ನಿಗೂ ಇದೇ ಮಾತು. ಬಳೆ, ಸೆರಗು, ಬಿಚ್ಚಿದ ಕೂದಲು ಯಾವುದೂ ಅದರ ಬಾಯಿಯ ಹತ್ತಿರ ಹೋಗಬಾರದು.

ನಿಪ್ಪಾಣಿ ಕಡೆಯವರಿಗೆ ಇನ್ನೊಂದು ಮಾತು. ಇಬ್ಬನಿ ಬಿದ್ದ ತಂಬಾಕಿನಲ್ಲಿ ಕುಡಿ ಮುರಿಯಲು ಇಳಿದವರಿಗೆ ತಲೆ ತಿರುಗಿ ವಾಂತಿಯಾದರೆ ಅದನ್ನು ಪಿತ್ತ ಎಂದು ತಳ್ಳಿಹಾಕಬೇಡಿ. ಹಸಿ ಎಲೆಯ ನಿಕೋಟಿನ್ ಒದ್ದೆ ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ಇಬ್ಬನಿ ಆರಿದ ಮೇಲೆ ಇಳಿಯಿರಿ, ತುಂಬು ತೋಳಿನ ಅಂಗಿ, ಕೈಗವಸು ಇರಲಿ. ಮಕ್ಕಳನ್ನಂತೂ ಇಳಿಸಲೇಬೇಡಿ.

ಖಂಡೇನವಮಿಗೆ ಟ್ರ್ಯಾಕ್ಟರ್ ತೊಳೆದು, ಮಾಲೆ ಹಾಕಿ, ಗಾಲಿಗೆ ನಿಂಬೆಹಣ್ಣು ಇಡುತ್ತೇವೆ. ಅದಾದ ಸ್ವಲ್ಪ ದಿನಕ್ಕೆ ಕಾರ್ಖಾನೆಗಳ ಹಂಗಾಮು ಶುರು. ಉಗಾರ, ಚಿಕ್ಕೋಡಿ, ನಿಪ್ಪಾಣಿ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಬ್ಬು ರಾತ್ರಿಯಿಡೀ ಸಾಗುತ್ತದೆ. ಹಿಂದಿನಿಂದ ಬರುವ ಬೈಕಿನ ಹುಡುಗನಿಗೆ ಕಾಣುವುದು ಕತ್ತಲೆ ಮಾತ್ರ. ಅವನು ಯಾರದೋ ಮಗ, ನಿಮ್ಮದೇ ಊರಿನವನು. ಪೂಜೆಯ ದಿನ ನಿಂಬೆಹಣ್ಣಿನ ಜೊತೆ ರಿಫ್ಲೆಕ್ಟರ್ ಪಟ್ಟಿಯನ್ನೂ ತನ್ನಿ. ಎರಡೂ ಟ್ರೇಲರಿನ ಹಿಂದೆ, ಮಗ್ಗುಲಿಗೆ, ಕಬ್ಬಿನ ಸೋಗೆ ಇಳಿಬಿದ್ದರೂ ಮುಚ್ಚದ ಜಾಗ ನೋಡಿ ಅಂಟಿಸಿ. ಲೋಡ್ ಆದ ಮೇಲೆ ಐವತ್ತು ಹೆಜ್ಜೆ ಹಿಂದೆ ಹೋಗಿ ಬ್ಯಾಟರಿ ಬಿಟ್ಟು ನೋಡಿ. ಹೊಳೆಯದಿದ್ದರೆ ಆ ಗಾಡಿ ಅವತ್ತು ರಸ್ತೆಗೆ ಇಳಿಯುವುದು ಬೇಡ.